ಗಂಗಿ ಅಣ್ಣನಿಗೆ ಕೊಟ್ಟ ಚಾ

ಬಾಡ ಊರಿನ ಗಂಗಿಯ ಸಿಪ್ಪೆ ಚಾ ಕುಡಿಯದವರು ಕುಮಟೆಯ ತರಕಾರಿ ಮಾರುಕಟ್ಟೆಯಲ್ಲಿ ಕಡಿಮೆ. ಬೆಳಗಿನ ಬಸ್ಸಿನಿಂದ ಹರಿವೆ, ಬಸಳೆ, ಬೆಂಡೆಯ ಬುಟ್ಟಿಯ ಜೊತೆಗೆ ಅವಳ ಸ್ಟೀಲಿನ ಫ್ಲಾಸ್ಕೂ ಇಳಿಯುತ್ತದೆ. ಒಣಗಿಸಿದ ಹುಳಿ ಮುರುಗಲ ಹಣ್ಣಿನ ಸಿಪ್ಪೆ, ತೊಳೆದ ಅನಾನಸಿನ ಸಿಪ್ಪೆ, ನಿಂಬೆಯ ಘಮದ ಮಜ್ಜಿಗೆಹುಲ್ಲು, ನಾಲ್ಕು ತುಳಸಿ ಎಲೆ, ಜಜ್ಜಿದ ಶುಂಠಿ, ಬೆಲ್ಲ. ಚಾಪುಡಿ ಹೆಸರಿಗೆ ಮಾತ್ರ. ಪೇಟೆಯವರು ಇದನ್ನೇ ಚಂದದ ಡಬ್ಬಿಗೆ ತುಂಬಿ ಹರ್ಬಲ್ ಟೀ ಎಂದು ಮಾರುತ್ತಾರೆ ಎಂದರೆ ಅವಳಿಗೆ ನಗು. "ಸಿಪ್ಪೆಗೂ ದುಡ್ಡು ಕೊಡೂ ಜನ ಇದ್ರಾ?"

ಕಲಿಸಿದವಳು ಮಿರ್ಜಾನದ ತವರಿನಲ್ಲಿ ಅವಳ ತಾಯಿ, ಅವ್ವಿ. ಆ ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು: ಸಿಪ್ಪೆ ಚಾ ಮನೆಯವರಿಗೆ, ಹಾಲಿನ ಚಾ ನೆಂಟರಿಗೆ. ಅದು ತಪ್ಪಿದರೆ ಮರ್ಯಾದೆ ಹೋದಂತೆ. ಮಕ್ಕಳಿಬ್ಬರಿಗೂ, ಗಂಗಿಗೂ ಅಣ್ಣ ದೇವಪ್ಪನಿಗೂ, ಹಾಲಿನ ಚಾದ ಮೇಲೆ ಆಸೆಯೇನೂ ಇರಲಿಲ್ಲ. ಪಾತ್ರೆಯ ತಳದಲ್ಲಿ ಉಳಿದ ಅನಾನಸಿನ ಚೂರಿಗೆ ಮಾತ್ರ ದಿನವೂ ಜಗಳವಾಗುತ್ತಿತ್ತು.

ದೊಡ್ಡ ಜಗಳವಾದದ್ದು ಅವ್ವಿ ತೀರಿಕೊಂಡ ದಿನ. ಹೆದ್ದಾರಿಯಲ್ಲಿ ಲಾರಿ ಮಗುಚಿ ಬಸ್ಸು ನಿಂತಿತು. ಗಂಗಿ ಮಿರ್ಜಾನ ಮುಟ್ಟುವಾಗ ಚಿತೆ ಉರಿಯುತ್ತಿತ್ತು. "ಮಳೆ ಬರೂ ಹಂಗಿತ್ತು, ಕಾಯೂಕೆ ಆಗ್ಲಿಲ್ಲ" ಎಂದ ದೇವಪ್ಪ. "ನಂಗೆ ಅಣ್ಣನೇ ಇಲ್ಲ" ಎಂದು ಗಂಗಿ ನೆರೆದವರೆಲ್ಲ ಕೇಳುವಂತೆ ಹೇಳಿದಳು. ಮೊದಲೇ ಮೂಗಿನ ತುದಿಯಲ್ಲಿ ಕೋಪ ಅವಳಿಗೆ. ಈ ಸಲದ್ದು ಆರು ವರ್ಷ ಅಲ್ಲೇ ಕೂತಿತು.

ಕಳೆದ ಶ್ರಾವಣದ ಒಂದು ಮಧ್ಯಾಹ್ನ ದೇವಪ್ಪನೇ ಬಂದ, ಹೇಳದೆ ಕೇಳದೆ. ಜಗಲಿಯ ತುದಿಯಲ್ಲಿ ಕೂತು ಕೊಡೆ ಮಡಚಿದ.

"ಗಂಗೀ, ಅವ್ವಿ ಮಾಡೂ ಹಂಗೆ ಒಂದು ಸಿಪ್ಪೆ ಚಾ ಮಾಡೇ. ಕುಡೀದೆ ವರ್ಷಗಟ್ಲೆ ಆತು."

ಅಷ್ಟೇ ಸಾಕಾಯಿತು. ಅವಳ ಸಿಟ್ಟೆಲ್ಲ ನಿಂತಲ್ಲೇ ಕರಗಿಹೋಯಿತು. ಆದರೆ ಅದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವಿದ್ದರೆ ತಾನೆ! ಇಷ್ಟು ವರ್ಷಕ್ಕೆ ಬಂದ ಅಣ್ಣನಿಗೆ ಸಿಪ್ಪೆ ಬೇಯಿಸಿ ಕೊಡುವುದೇ? ಹಾಲಿಲ್ಲದ ಚಾ ಕೊಟ್ಟಳು, ಇನ್ನೂ ಸಿಟ್ಟಿದೆ ಎಂದುಕೊಂಡರೆ?

"ಥೋ, ಅದೆಂತ ಚಾ! ಕೂತ್ಕ, ಬಂದೆ."

ಹಿತ್ತಲ ಬೇಲಿ ದಾಟಿ ಪಕ್ಕದ ಕವಿತಾಳ ಮನೆಗೆ ಓಡಿದಳು. ಅವಳ ಮಗುವಿಗೆಂದು ಇಟ್ಟ ಹಾಲನ್ನೇ ಬೇಡಿ ತಂದಳು. ಏಲಕ್ಕಿ ಗುದ್ದಿ, ಸಕ್ಕರೆ ಸುರಿದು, ಮಗಳ ಮದುವೆಯಲ್ಲಿ ಬೀಗರಿಗೆಂದು ತೆಗೆದ ಕಪ್ಪು-ಬಶಿಯಲ್ಲಿ ಕೆನೆ ತೇಲುವ ಚಾ ತಂದಿಟ್ಟಳು.

ದೇವಪ್ಪ ಕಪ್ಪನ್ನು ನೋಡಿದ, ತಂಗಿಯ ಮುಖ ನೋಡಿದ. ನಾಲ್ಕು ಗುಟುಕು ಕುಡಿದು ಕೆಳಗಿಟ್ಟ. "ಆತು, ಬರ್ತೆ ಹಂಗಾರೆ" ಎಂದ.

"ಮುಂದಿನ ಸಲ ಅತ್ತಿಗೇನೂ ಕರ್ಕಂಡು ಬಾ" ಎಂದಳು ಗಂಗಿ. ಆ ವಾರವೆಲ್ಲ ಮಾರುಕಟ್ಟೆಯಲ್ಲಿ "ನಮ್ಮಣ್ಣ ಬಂದಿದ್ದ" ಎಂದು ಹೇಳಿದ್ದೇ ಹೇಳಿದ್ದು.

ದೀಪಾವಳಿಗೆ ನಾಲ್ಕು ದಿನ ಮೊದಲು ದೇವಪ್ಪ ಗದ್ದೆಯಲ್ಲಿ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಹನ್ನೆರಡನೆಯ ದಿನದ ಊಟ ಮುಗಿದ ಮೇಲೆ ಅತ್ತಿಗೆ ಲಕ್ಕಿ ಗಂಗಿಯ ಪಕ್ಕ ಬಂದು ಕೂತಳು.

"ಎಂತಕ್ಕೆ ಹಂಗೆ ಮಾಡ್ದೆ ಗಂಗಿ? ನಿಮ್ಮಲ್ಲಿಂದ ಬಂದ ದಿನ ಅವ್ರು ಉಣ್ಲೇ ಇಲ್ಲ. 'ಬಾಯಿಬಿಟ್ಟು ಸಿಪ್ಪೆ ಚಾ ಕೇಳ್ದೆ, ಹಾಲಿನ ಚಾ ಕೊಟ್ಟು ನೆಂಟನ ಮಾಡಿ ಕಳಿಸ್ದಳು. ಅವಳ ಸಿಟ್ಟು ಹೋಗ್ಲಿಲ್ಲ' ಅಂದ್ರು. ಮತ್ತೆ ಆ ಮಾತೇ ಎತ್ತಲಿಲ್ಲ."

ಬೇಲಿ ದಾಟಿ ಓಡಿದ್ದು, ಮಗುವಿನ ಹಾಲು ಬೇಡಿದ್ದು, ಎಲ್ಲವನ್ನೂ ಗಂಗಿ ಹೇಳಬಹುದಿತ್ತು. ಹೇಳಿದರೆ ಲಕ್ಕಿ ನಂಬಿಯಾಳು. ಆದರೆ ನಂಬಬೇಕಾದವನು, ತಂಗಿಗೆ ತನ್ನ ಮೇಲೆ ಸಿಟ್ಟಿದೆ ಎಂದುಕೊಂಡೇ ಹೋಗಿಬಿಟ್ಟಿದ್ದ.