ಹೊಸ ಟಿವಿಯಲ್ಲಿ ಧಾರೆಯ ನೀರು

ನನ್ನ ಮದುವೆಯಲ್ಲಿ ಅಮ್ಮ ಅಳಲಿಲ್ಲ. ಹೊಳೆನರಸೀಪುರದ ಛತ್ರದ ತುಂಬ ಇದ್ದ ಜನ ನೋಡಿದ ಸತ್ಯ ಇದು. ಧಾರೆ ಎರೆಯುವಾಗಲೂ ಇಲ್ಲ, ನಾನು ಕಾರು ಹತ್ತುವಾಗಲೂ ಇಲ್ಲ. ‘ಅತ್ತಿಗೆ ಕಣ್ಣಲ್ಲಿ ಒಂದು ಹನಿ ಬರಲಿಲ್ಲ ನೋಡು, ಕಲ್ಲು’ ಎಂದು ಅರಕಲಗೂಡಿನ ಅತ್ತೆ, ಅಂದರೆ ನಮ್ಮಪ್ಪನ ತಂಗಿ, ನನ್ನೆದುರಿಗೇ ಅಂದಿದ್ದಳು. ನನಗೂ ಹಾಗೇ ಅನ್ನಿಸಿತ್ತು. ಬಂದವರೇ ಕಣ್ಣೊರೆಸಿಕೊಳ್ಳುತ್ತಿರುವಾಗ ಹೆತ್ತವಳಿಗೇನಾಗಿತ್ತು ಧಾಡಿ? ಆ ಸಿಟ್ಟು ಅಮ್ಮ ತೀರಿಕೊಂಡ ಮೇಲೂ ನನ್ನಲ್ಲಿ ಹಾಗೇ ಉಳಿದಿತ್ತು. ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳುವುದು ಸುಲಭ, ಅವರು ತಿರುಗಿ ಜವಾಬು ಕೊಡುವುದಿಲ್ಲ.

ಮದುವೆ ಆದದ್ದು ತೊಂಬತ್ತರ ದಶಕದಲ್ಲಿ. ಅದರ ವಿಡಿಯೋ ಕ್ಯಾಸೆಟ್ಟನ್ನು ಧಾರೆ ಸೀರೆಯ ಮಡಿಕೆಯೊಳಗಿಟ್ಟು, ನುಸಿಗುಳಿಗೆ ಹಾಕಿ, ಬೀರುವಿನಲ್ಲಿ ಇಟ್ಟಿದ್ದೆ. ನಮ್ಮ ಕಡೆ ಎಲ್ಲರ ಮನೆಯ ಮದುವೆ ಕ್ಯಾಸೆಟ್ಟೂ ಇರುವುದು ಅಲ್ಲೇ. ಅಮ್ಮ ನಡೆಯುವುದು, ತಿರುಗಿ ನೋಡುವುದು ಉಳಿದಿದ್ದದ್ದು ಅದೊಂದರಲ್ಲೇ. ಮಿಕ್ಕದ್ದೆಲ್ಲ ಫೋಟೋ. ಅಮ್ಮ ಹೋದ ಮೇಲೆ ಅಣ್ಣ ಹಾಸನಕ್ಕೆ ನಮ್ಮ ಮನೆಗೇ ಬಂದರು. ಅಪ್ಪನನ್ನು ನಾವು ಕರೆಯುತ್ತಿದ್ದದ್ದು ಅಣ್ಣ ಅಂತಲೇ. ಮಗಳ ಮನೆ ಅನ್ನ ತಿನ್ನುತ್ತಾರೆ ಎಂದು ಮಾತಾಡಿಕೊಂಡವರಿಗೆ ನಾನು ಸರಿಯಾಗೇ ಮಂಗಳಾರತಿ ಮಾಡಿದ್ದೆ.

ಕೆಲವು ವರ್ಷ ಕಳೆದು ಅಣ್ಣನಿಗೆ ಗ್ಲಾಕೋಮಾ ಬಂತು. ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತಾ ಬಂದು ನಡುವೆ ಒಂದಿಷ್ಟು ಮಾತ್ರ ಉಳಿದಿತ್ತು. ಹೋದದ್ದು ವಾಪಸ್ ಬರುವುದಿಲ್ಲ, ಇರುವುದೂ ಎಷ್ಟು ದಿನವೋ ಹೇಳಲಾಗದು ಅಂದರು ಡಾಕ್ಟರು. ಮನೆಗೆ ಬಂದು ಕಾಫಿ ಕುಡಿದು, ಲೋಟ ಕೆಳಗಿಟ್ಟು ಅಣ್ಣ ಹೇಳಿದರು: ‘ಪೂರ್ತಿ ಹೋಗೋದ್ರೊಳಗೆ ಒಂದ್ಸಲ ನಿಮ್ಮಮ್ಮ ಧಾರೆ ಎರೆಯೋದನ್ನ ನೋಡ್ಬೇಕು ಕಣೇ.’ ಯಾವತ್ತೂ ಏನನ್ನೂ ಕೇಳಿದವರಲ್ಲ ಅವರು. ನಾನು ಎದ್ದು ಹೋಗಿ ಬೀರುವಿನಿಂದ ಕ್ಯಾಸೆಟ್ಟು ತೆಗೆದಿಟ್ಟೆ.

ನಮ್ಮ ಯಜಮಾನರು ದೊಡ್ಡ ಎಚ್‌ಡಿ ಟಿವಿ ತಂದರು. ಮಾವನವರಿಗೆ ಚೆನ್ನಾಗಿ ಕಾಣಲಿ ಅಂತಲೇ ತಂದದ್ದು, ಅದರಲ್ಲಿ ಎರಡು ಮಾತಿಲ್ಲ. ಹಳೇ ಡಬ್ಬಾ ಟಿವಿಯನ್ನು ಅಂಗಡಿಯವರು ಎಕ್ಸ್‌ಚೇಂಜಿಗೆ ಹೊತ್ತುಕೊಂಡು ಹೋದರು. ವಿಸಿಆರ್ ಜೋಡಿಸಿ ಕ್ಯಾಸೆಟ್ ಹಾಕಿದೆವು. ಅಮ್ಮ ಸುಮ್ಮನೆ ನಿಂತಿರುವಷ್ಟು ಹೊತ್ತು ಚೆನ್ನಾಗಿಯೇ ಇದ್ದಳು. ತಂಬಿಗೆ ಎತ್ತಿದಳು ನೋಡಿ, ಕೈಯ ಅಂಚೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಸೀಳಿಕೊಂಡಿತು. ನೀರಿನ ಎಳೆ ಚೂರುಚೂರು. ‘ಏನೇ ಇದು, ಅವಳ ಕೈ ಹರಿದುಹೋಗಿದೆ,’ ಅಂದರು ಅಣ್ಣ. ನುಸಿಗುಳಿಗೆ ಹಾಕಿ ಟೇಪು ಕೆಡಿಸಿದೆ ಎಂದು ನನ್ನನ್ನೇ ಬೈದರು.

ಟೇಪು ಕೆಟ್ಟಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಅರ್ಥವಾಗದ್ದನ್ನು ಹಾಗೇ ಬಿಡುವ ಜಾತಿಯಲ್ಲ. ಟಿವಿ ಜೊತೆ ಬಂದ ಪುಸ್ತಕ ಓದಿದೆ, ಪರದೆಗೆ ಮೂಗು ತಾಗಿಸಿ ನೋಡಿದೆ. ಹಳೇ ಕ್ಯಾಮೆರಾ ಒಂದು ಚಿತ್ರವನ್ನು ಒಂದೇ ಏಟಿಗೆ ಬರೆಯುವುದಿಲ್ಲ. ಮೊದಲು ಸಾಲು ಬಿಟ್ಟು ಸಾಲು ಬರೆಯುತ್ತದೆ, ಆಮೇಲೆ ಮತ್ತೆ ಮೇಲಿಂದ ಬಂದು ಬಿಟ್ಟ ಸಾಲುಗಳನ್ನು ತುಂಬುತ್ತದೆ. ಅದಕ್ಕೆ ಇಂಟರ್‌ಲೇಸ್ಡ್ ಅಂತಾರೆ. ಅಷ್ಟರಲ್ಲಿ ಅಮ್ಮನ ಕೈ ಒಂಚೂರು ಮುಂದೆ ಹೋಗಿರುತ್ತದೆ. ಹಳೇ ಟಿವಿಯೂ ಹಾಗೇ ಒಂದಾದ ಮೇಲೊಂದು ಅರ್ಧ ತೋರಿಸುತ್ತಿದ್ದದ್ದರಿಂದ ನಮಗೆ ಏನೂ ತಿಳಿಯುತ್ತಿರಲಿಲ್ಲ. ಹೊಸದು ಪ್ರೊಗ್ರೆಸಿವ್, ಅದು ಎಲ್ಲ ಸಾಲನ್ನೂ ಒಟ್ಟಿಗೇ ತೋರಿಸಬೇಕು. ಎರಡು ಅರ್ಧಗಳನ್ನೂ ಸೇರಿಸಿ ಹೊಲಿಯುತ್ತದೆ. ಅಲುಗದ ಮಂಟಪದ ಕಂಬ ಕೂಡಿಕೊಳ್ಳುತ್ತದೆ, ಅಲುಗಿದ ಕೈ ಕೂಡಿಕೊಳ್ಳುವುದಿಲ್ಲ. ಒಳ್ಳೆ ಟಿವಿಗಳು ಅದನ್ನು ಸರಿಮಾಡಿಕೊಳ್ಳುತ್ತವಂತೆ. ನಮ್ಮದಕ್ಕೆ ಆ ಹೊಲಿಗೆ ಬರುತ್ತಿರಲಿಲ್ಲ.

ಮದುವೆ ವಿಡಿಯೋ ತೆಗೆದವನು ಚನ್ನರಾಯಪಟ್ಟಣದಲ್ಲಿ ಸ್ಟುಡಿಯೋ ಇಟ್ಟಿದ್ದ. ಅವನ ಹತ್ತಿರ ಹೋದೆ. ಟೇಪನ್ನು ಡಿವಿಡಿ ಮಾಡಿಕೊಟ್ಟು, ‘ಹಲ್ಲೆಲ್ಲ ತೆಗ್ದಾಕಿವ್ನಿ ಕಣಕ್ಕ, ಈಗ ನೋಡಿ ಎಂಗೈತೆ ಅಂತ,’ ಅಂದ. ಹಲ್ಲು ಹೋಗಿದ್ದು ನಿಜ. ಎರಡು ಅರ್ಧಗಳಲ್ಲಿ ಒಂದನ್ನು ಎಸೆದು, ಉಳಿದದ್ದನ್ನೇ ಹಿಗ್ಗಿಸಿ ಪೂರ್ತಿ ಮಾಡಿದ್ದ. ಅಮ್ಮನ ಮೂಗುಬೊಟ್ಟಿನ ಹೊಳಪಿಲ್ಲ, ಹುಬ್ಬು ಮಾಸಿದೆ, ನೀರಿನ ಎಳೆ ಕಾಣಿಸುವುದೇ ಇಲ್ಲ. ಅಣ್ಣ ತುಂಬ ಹೊತ್ತು ನೋಡಿ, ‘ಇವಳು ಯಾರೋ,’ ಅಂದರು. ಆಗಲೇ ಅವರು ಊಟಕ್ಕೆ ಕೂತರೆ ಉಪ್ಪಿನಕಾಯಿ ಎಲ್ಲಿದೆ ಎಂದು ಬೆರಳಿನಿಂದ ತಡಕುವುದಕ್ಕೆ ಶುರುಮಾಡಿದ್ದರು.

ಡಬ್ಬಾ ಟಿವಿ ಇನ್ನೂ ಉಳಿದಿದ್ದದ್ದು ಅರಕಲಗೂಡಿನ ಅತ್ತೆಯ ಮನೆಯಲ್ಲಿ. ಒಂದು ಭಾನುವಾರ ಬೆಳಿಗ್ಗೆ ವಿಸಿಆರನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು, ಅಣ್ಣನ ಕೈ ಹಿಡಿದು ಬಸ್ಸು ಹತ್ತಿಸಿದೆ. ‘ಗೋಡೆಯಷ್ಟಗಲ ಟಿವಿ ಮನೇಲಿಟ್ಕೊಂಡು ನನ್ನ ಡಬ್ಬಾ ನೋಡಕ್ಕೆ ಬಂದ್ಯಾ ಅಣ್ಣಯ್ಯ?’ ಎಂದು ಅತ್ತೆ ಛೇಡಿಸಿದಳು. ಅಣ್ಣ ನಗಲಿಲ್ಲ. ಕುರ್ಚಿಯನ್ನು ಹಿಂದೆ ಮುಂದೆ ಸರಿಸಿಕೊಂಡು ಒಂದು ಕಡೆ ಕೂತರು. ಆ ಚಿಕ್ಕ ಗಾಜು ಅವರಿಗೆ ಉಳಿದಿದ್ದ ನೋಟದೊಳಗೆ ಪೂರ್ತಿ ಹಿಡಿಸಿತು. ನಮ್ಮ ದೊಡ್ಡ ಟಿವಿಯಲ್ಲಿ ಅಮ್ಮನ ಮುಖ ಕಂಡರೆ ತಂಬಿಗೆ ಕಾಣುತ್ತಿರಲಿಲ್ಲವಂತೆ. ಅದನ್ನು ಅವರು ಹೇಳಿದ್ದೇ ಅವತ್ತು.

ಅಮ್ಮ ಬಂದಳು. ತಂಬಿಗೆ ಎತ್ತಿದಳು. ಕೈ ಇಡಿಯಾಗಿತ್ತು. ನೀರು ಒಂದೇ ಎಳೆಯಾಗಿ ಇಳಿಯಿತು, ಅದು ಬಿದ್ದ ಜಾಗಕ್ಕೆ ಮಾತ್ರ ಯಾರದೋ ತಲೆ ಅಡ್ಡ. ‘ನಿಲ್ಸು, ಅಲ್ಲೇ ನಿಲ್ಸು,’ ಅಂದರು ಅಣ್ಣ. ವಿಸಿಆರಿನ ಪಾಜ್ ಗುಂಡಿ ಒತ್ತಿದೆ. ಚಿತ್ರ ನಿಂತಿತು, ಅಮ್ಮನ ಕೈ ನಿಲ್ಲಲಿಲ್ಲ. ಇದ್ದಲ್ಲೇ ನಡುಗುತ್ತಿತ್ತು. ಅದು ನಡುಕ ಅಲ್ಲ ಎಂದು ನನಗೆ ಗೊತ್ತಿತ್ತು. ಎರಡು ಅರ್ಧಗಳೂ ಒಂದಾದ ಮೇಲೊಂದು ಬರುತ್ತಿದ್ದವು. ಕೈ ಮೊದಲಿದ್ದ ಜಾಗ, ಆಮೇಲಿದ್ದ ಜಾಗ, ಮತ್ತೆ ಮೊದಲಿದ್ದ ಜಾಗ, ಅಷ್ಟೇ.

‘ನೋಡೇ, ಹೇಗೆ ನಡುಗ್ತಿದೆ ಅವಳ ಕೈ,’ ಅಂದರು ಅಣ್ಣ. ಅತ್ತೆ ಸೆರಗು ಬಾಯಿಗಿಟ್ಟುಕೊಂಡಳು.

ಇಲ್ಲದ್ದನ್ನು ಇದೆ ಅಂದರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ‘ಅಣ್ಣಾ, ಅದು ಟೇಪಿನದು...’ ಎಂದು ಬಾಯಿ ತೆರೆದೆ.

ಅವರು ಕೇಳಿಸಿಕೊಳ್ಳಲಿಲ್ಲ. ಬಲಗೈ ಮುಂದೆ ಚಾಚಿ, ಎಡಗೈಯಿಂದ ಮೊಣಕೈ ಮುಟ್ಟಿ ತೋರಿಸಿದರು. ‘ನಿಮ್ಮಿಬ್ಬರ ಕೈ ನಾನು ಹಿಡ್ಕೊಂಡಿದ್ನಲ್ಲ. ಅರ್ಧ ನೀರು ನಿಮ್ಮ ಕೈಮೇಲೆ ಬೀಳಲೇ ಇಲ್ಲ, ಇಲ್ಲಿ ಬಿತ್ತು. ತಂಬಿಗೆ ಹಿಡಿಯಕ್ಕಾಗ್ತಿರಲಿಲ್ಲ ಅವಳಿಗೆ. “ನಾನು ಅತ್ರೆ ಮಗು ಕಾರು ಹತ್ತಲ್ಲ, ಯಾರಿಗೂ ಹೇಳ್ಬೇಡಿ” ಅಂದಿದ್ಲು.’

ಕಲ್ಲು ಅಂದಿದ್ದ ಅತ್ತೆಯ ಎದುರಿಗೇ ನಾನು ಅತ್ತುಬಿಟ್ಟೆ. ಹೆಚ್ಚು ಹೊತ್ತು ನಿಲ್ಲಿಸಿದರೆ ಟೇಪು ಸವೆಯುತ್ತದೆ ಎಂದು ಗೊತ್ತಿತ್ತು. ಆದರೂ ಅಣ್ಣ ಸಾಕು ಅನ್ನುವವರೆಗೆ ಪಾಜ್ ಬಿಡಿಸಲಿಲ್ಲ.