ಬೆಕ್ಕಿಗೆ ಮಾಡಿಸಿದ ಸ್ನಾನ

ನಿನ್ನೆ ಮೆಟ್ಟಿಲಿಳಿಯುವಾಗ ಶಾಂಪೂ ವಾಸನೆ ಮೂಗಿಗೆ ಬಡಿಯಿತು. ಮೇಲಿನ ಮನೆಯ ಹೊಸ ಸೊಸೆ ಒದ್ದೆ ಬೆಕ್ಕಿನ ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಿಸಿಲು ಹುಡುಕುತ್ತ ಬರುತ್ತಿದ್ದಳು. "ಕಾಕಾ, ನಿಮ್ಮ ಮನ್ಯಾಗೂ ಬೆಕ್ಕೈತಲ್ರಿ, ವಾರಕ್ಕ ಎಷ್ಟ ಸಲ ಮೈ ತೊಳಸ್ತೀರಿ?" ಎಂದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಗಬೇಡಿ, ಆ ವಾಸನೆ ನನ್ನನ್ನು ಆರು ವರ್ಷ ಹಿಂದಕ್ಕೆ ಒಯ್ದಿತ್ತು.

ವಿದ್ಯಾನಗರದ ಈ ಮನೆಯಲ್ಲಿ ಆಗ ಅಕ್ಕ ಮತ್ತು ನಾನು, ಇಬ್ಬರೇ. ಅಕ್ಕ ಧಾರವಾಡದ ಸಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಮದುವೆ ಬೇಡವೆಂದವಳು. ನನ್ನದು ಬೇರೆ ಕಥೆ. ಹೆಣ್ಣು ನೋಡಲು ಹೋದಲ್ಲೆಲ್ಲ ಅವರಿಗೆ ಮೊದಲು ಕಂಡದ್ದು ನನ್ನ ಉಗುರಿನೊಳಗಿನ ಗ್ರೀಸಂತೆ. ಶೇಂಗಾ ಅಕ್ಕನ ಬೆಕ್ಕು. ಶೇಂಗಾ ಸಿಪ್ಪೆಯ ಬಣ್ಣ, ಉದ್ದ ಕೂದಲು. ದಿನಾ ಸಂಜೆ ತೊಡೆಯ ಮೇಲೆ ಮಲಗಿಸಿಕೊಂಡು ಹಣಿಗೆಯಿಂದ ಬಾಚುವಳು, ಕಿವಿ ಒರೆಸುವಳು, ಉಗುರಿನ ತುದಿ ಕತ್ತರಿಸುವಳು. ನೀರು ಮಾತ್ರ ಎಂದೂ ಹಾಕಿದವಳಲ್ಲ. "ತನ್ನ ಮೈ ತಾನ ನೆಕ್ಕಿ ತೊಳ್ಕೋತೈತಿ. ಉಳಿದದ್ದಷ್ಟ ನಮ್ಮ ಕೆಲಸ" ಎನ್ನುವಳು.

ಅವಳಿಗೆ ಕ್ಯಾನ್ಸರ್ ಆಯಿತು. ಕಿಮೋ ಶುರುವಾದಾಗ, ಸಣ್ಣ ಪರಚು ಗಾಯವಾದರೂ ಸೋಂಕು ತಗಲೀತು, ಬೆಕ್ಕು ದೂರವಿರಲಿ ಎಂದರು ಡಾಕ್ಟರು. ಶೇಂಗಾ ಹಿತ್ತಲ ಪಡಸಾಲೆಗೆ ಹೋಯಿತು, ಹಣಿಗೆ ನನ್ನ ಕೈಗೆ ಬಂತು. ತಾರಿಹಾಳದ ಕಾರ್ಖಾನೆಯಲ್ಲಿ ಕಬ್ಬಿಣ ಕೊರೆಯುವ ಕೈ! ಅಕ್ಕ ಒಳಗೆ ಕಿಟಕಿಯ ಸರಳು ಹಿಡಿದು ಪಾಠ ಹೇಳುವಳು: "ಏ ತಮ್ಮಾ, ಅದು ಲೇಥ್ ಮಷೀನಲ್ಲೋ! ಗಂಟಿನ ಬುಡ ಹಿಡ್ಕೊ, ಜಗ್ಗಬ್ಯಾಡ." ಅವಳ ತಲೆಯಲ್ಲಿ ಒಂದೆಳೆ ಕೂದಲೂ ಇರಲಿಲ್ಲ. ಹಣಿಗೆಗೆ ಬಂದ ಕೂದಲನ್ನು ನಾನು ಅವಳಿಗೆ ಕಾಣದಂತೆ ಮುಷ್ಟಿಯಲ್ಲಿ ಮುಚ್ಚಿಕೊಳ್ಳುತ್ತಿದ್ದೆ.

ಎಂಟು ತಿಂಗಳ ಬಳಿಕ ಔಷಧ ನಿಲ್ಲಿಸಿ ಮನೆಗೆ ಕಳಿಸಿದರು. "ಇನ್ನ ಬೆಕ್ಕು ಹತ್ರ ಬಂದ್ರೂ ನಡೀತೈತ್ರಿ" ಎಂದರು ಡಾಕ್ಟರು, ನನ್ನ ಮುಖ ನೋಡದೆ. ಅಕ್ಕನಿಗೆ ಖುಷಿಯೋ ಖುಷಿ. "ನಾಳೆ ಮುಂಜಾನಿ ಕರ್ಕೊಂಬಾ. ಕಾಲಷ್ಟ ಒರಸು, ಸಾಕು."

ನನಗೆ ಸಾಲಲಿಲ್ಲ. ಶಾಂಪೂ ತಂದೆ. ಬೆಳಿಗ್ಗೆ ಬಚ್ಚಲಲ್ಲಿ ಶೇಂಗಾನನ್ನು ಅದುಮಿ ಹಿಡಿದು ನೀರು ಸುರಿದೆ. ಅದರ ಕೂಗು ಅಕ್ಕನವರೆಗೂ ಕೇಳಿಸಿತು. ಕೋಣೆಯಲ್ಲಿ ಬಿಟ್ಟೊಡನೆ ಕಪಾಟಿನ ಕೆಳಗೆ ನುಗ್ಗಿದ್ದು ಇಡೀ ದಿನ ಅಲ್ಲೇ ಕೂತು ಮೈ ನೆಕ್ಕಿಕೊಂಡಿತು. ಹಾಲಿಟ್ಟೆ, ಕೆನೆಯಿಟ್ಟೆ, ಬೋರಲು ಮಲಗಿ ಕೈಚಾಚಿ ಬೇಡಿಕೊಂಡೆ. ಬರಲಿಲ್ಲ. ಅಕ್ಕ ಮಂಚದಿಂದ ಕೈ ಇಳಿಬಿಟ್ಟುಕೊಂಡೇ ಇದ್ದಳು.

"ಅದಕ್ಕ ತನ್ನ ವಾಸನೀನ ಸಿಗವಲ್ದು, ನನ್ನ ವಾಸನಿ ಹೆಂಗ ಸಿಗಬೇಕು? ಬೈಬ್ಯಾಡ ಅದಕ್ಕ. ನಾಳೆ ಬರತೈತಿ."

ಮರುದಿನ ಶೇಂಗಾ ತಾನಾಗಿಯೇ ಮಂಚ ಹತ್ತಿತು. ಅಕ್ಕನಿಗೆ ಎಚ್ಚರವಿರಲಿಲ್ಲ. ಮಧ್ಯಾಹ್ನ ಹೋದಳು.

ಮಾತಾಡಿಸಲು ಬಂದವರು, "ಬೆಕ್ಕಿಗೆಲ್ಲಿ ನಿಯತ್ತರೀ? ಅಕ್ಕಾರು ಅಷ್ಟ ಕರದ್ರೂ ಹತ್ರ ಬರಲಿಲ್ಲಂತ" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಆ ಅಪವಾದವನ್ನು ಆರು ವರ್ಷ ಅದರ ಮೇಲೆಯೇ ಬಿಟ್ಟೆ. ಈಗ ಅದು ಮುದಿಯಾಗಿದೆ, ನಾಲಿಗೆ ಬೆನ್ನಿಗೆ ಎಟುಕುವುದಿಲ್ಲ. ನಾನೇ ಬಾಚುತ್ತೇನೆ, ಅದರ ಕಣ್ಣಿಗೆ ಕಣ್ಣು ಕೊಡದೆ.

ನಿನ್ನೆ ಮೆಟ್ಟಿಲ ಮೇಲೆ ಕೂತು ಆ ಹುಡುಗಿಗೆ ಎಲ್ಲವನ್ನೂ ಹೇಳಿದೆ. "ತಪ್ಪು ಬೆಕ್ಕಿಂದಲ್ಲವ್ವಾ, ನಂದು."

ಅವಳು ಪಕ್ಕದಲ್ಲೇ ಕೂತಳು. "ಅಕ್ಕಾರ ಹೆಸರೇನಿತ್ರಿ?" ಎಂದಳು.

"ನೀಲಾ" ಎಂದೆ. ಎಷ್ಟೋ ದಿನಗಳ ಮೇಲೆ ಆ ಹೆಸರು ನನ್ನ ಬಾಯಲ್ಲಿ ಬಂತು.