ಚೀಲ ಕಾಯದ ಅತ್ತೆ

ಅತ್ತೆಯ ಕೆಳದವಡೆ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿತ್ತು. ಸುಮ್ಮನೆ ಕೂತಿದ್ದಾಗಲೂ, ಯಾರೋ ಹೇಳಿದ ಸುಳ್ಳನ್ನು ಈಗಷ್ಟೇ ಪೂರ್ತಿ ಕೇಳಿ ಮುಗಿಸಿದವರ ಹಾಗೆ ಕಾಣುತ್ತಿದ್ದರು. ಮದುವೆಯಾದ ಹೊಸದರಲ್ಲಿ ಆ ಮುಖ ಕಂಡರೆ ನಾನು ಅಡುಗೆಮನೆ ಸೇರಿಕೊಳ್ಳುತ್ತಿದ್ದೆ. ಮೊದಲ ಸಲ ನಮ್ಮ ಮನೆಗೆ ಬಂದಾಗ ಟೀ ಮಾಡಿ ಕೊಟ್ಟೆ. ಒಂದು ಗುಟುಕು ಕುಡಿದು, ಲೋಟದೊಳಗೆ ಇಣುಕಿ ನೋಡಿ, "ನಿಮ್ಮ ತವರು ನಲ್ಲೂರಾಗೆ ಇದಕ್ಕೆ ಟೀ ಅಂತಾರೇನೇ?" ಅಂದರು. ಆದರೆ ಲೋಟ ಖಾಲಿ ಮಾಡಿಯೇ ಕೆಳಗಿಟ್ಟರು. ಹೋಗುವ ಮುಂಚೆ ಅಡುಗೆಮನೆಗೆ ಬಂದು, ತಾವೇ ಇನ್ನೊಂದು ಸಲ ಟೀ ಕಾಯಿಸಿ ನನಗೆ ಕುಡಿಸಿ, "ಕಲ್ತ್ಕ" ಅಂತ ಹೇಳಿ ಬಸ್ಸಿಗೆ ಹೊರಟರು.

ಅವರು ನನ್ನ ಗಂಡನ ಸೋದರತ್ತೆ. ಹುಟ್ಟಿ ಬೆಳೆದದ್ದು ನೀರಿಗೆ ಬರವಿರುವ ಜಗಳೂರು, ಕೊಟ್ಟದ್ದು ಹೊನ್ನಾಳಿಗೆ. ಹೊಳೆದಂಡೆಯ ಊರಿಗೆ ಬಂದು ಅಷ್ಟು ವರ್ಷವಾದರೂ ನಲ್ಲಿ ತಿರುಗಿಸಿಟ್ಟು ಮಾತಾಡುತ್ತಾ ನಿಲ್ಲುವ ಅಕ್ಕಪಕ್ಕದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ನಮ್ಮೂರಿಗೆ ಬರ್ರಿ, ಒಂದು ಬ್ಯಾಸಿಗೆ ಕಳೀರಿ, ಆಮ್ಯಾಲೆ ಮಾತಾಡಾಣ" ಅನ್ನುತ್ತಿದ್ದರು. ಅವರ ತಿರಸ್ಕಾರ ಎಲ್ಲರ ಮೇಲೂ ಇರಲಿಲ್ಲ. ಗಂಡನ ಅಂಗಡಿಗೆ ಮೂಟೆ ಇಳಿಸಲು ಬರುವ ಹಮಾಲರನ್ನು ನಡುಮನೆಯಲ್ಲಿ ಕೂರಿಸಿ ಊಟಕ್ಕೆ ಬಡಿಸುತ್ತಿದ್ದರು. ಮೆರೆಯುವವರನ್ನು ಕಂಡರೆ ಮಾತ್ರ ಆ ದವಡೆ ಇನ್ನಷ್ಟು ಮುಂದೆ ಬರುತ್ತಿತ್ತು. ದುರದೃಷ್ಟಕ್ಕೆ, ತಾಲ್ಲೂಕಿನಲ್ಲೇ ಎಲ್ಲರಿಗಿಂತ ಹೆಚ್ಚು ಮೆರೆಯುವ ಮನುಷ್ಯನಿಗೇ ಅವರನ್ನು ಕೊಟ್ಟು ಮದುವೆ ಮಾಡಿದ್ದರು.

ಅತ್ತೆಯ ಗಂಡ, ಅಂದರೆ ನಮ್ಮ ಮಾವನದು ಗೊಬ್ಬರ, ಬಿತ್ತನೆಬೀಜ, ಔಷಧಿ ಮಾರುವ ದೊಡ್ಡ ಅಂಗಡಿ. ನಾವಿರುವ ನ್ಯಾಮತಿಯಲ್ಲಿ ನನ್ನ ಗಂಡನಿಗೆ ಅಂಥದ್ದೇ ಒಂದು ಸಣ್ಣ ಅಂಗಡಿ ಹಾಕಿಸಿಕೊಟ್ಟವರೂ ಅವರೇ. ಅದನ್ನು ನೆನಪಿಸದೆ ಅವರು ನಮ್ಮ ಮನೆಯಲ್ಲಿ ಒಂದು ತುತ್ತೂ ತಿಂದವರಲ್ಲ. ತಮ್ಮ ಹುಟ್ಟುಹಬ್ಬಕ್ಕೆ ತಾವೇ ಫ್ಲೆಕ್ಸ್ ಹಾಕಿಸಿ, ಕೆಳಗೆ "ಅಭಿಮಾನಿ ಬಳಗ" ಅಂತ ಬರೆಸುತ್ತಿದ್ದರು. ಮದುವೆಮನೆಗೆ ಹೋದರೆ ಊಟದ ಪಂಕ್ತಿಯ ನಡುವೆ ನಿಂತು ಫೋನಿನಲ್ಲಿ ಲೋಡುಗಟ್ಟಲೆ ಯೂರಿಯಾ ತರಿಸುತ್ತಿದ್ದರು. ಇದೆಲ್ಲ ಇರಲಿ. ನನಗೆ ಸಹಿಸಲಾಗದಿದ್ದದ್ದು ಅವರ ಒಂದೇ ಒಂದು ಮಾತು: "ಹಿಡ್ಕ." ಹೆಲ್ಮೆಟ್ಟು, ಮೊಬೈಲು, ಗುಡಿ ಮುಂದೆ ಬಿಟ್ಟ ಚಪ್ಪಲಿ, ಅರ್ಧ ಕುಡಿದ ನೀರಿನ ಬಾಟಲಿ, ಏನಿದ್ದರೂ ಪಕ್ಕಕ್ಕೆ ನೋಡದೆಯೇ ಚಾಚಿ "ಹಿಡ್ಕ" ಅನ್ನುವರು. ಅಲ್ಲಿ ಅತ್ತೆಯ ಕೈ ಇದ್ದೇ ಇರುತ್ತದೆ ಅನ್ನುವ ಭರವಸೆ, ಗೋಡೆಗೆ ಹೊಡೆದ ಮೊಳೆಯ ಮೇಲೆ ಇರುವಂಥದ್ದು. ಅದನ್ನು ನೋಡಿ ನೋಡಿ ನನ್ನ ಗಂಡನೂ ಆಗಾಗ ನನ್ನ ಕಡೆ ಏನಾದರೂ ಚಾಚಲು ಶುರುಮಾಡಿದ್ದ.

ಒಂದು ವರ್ಷ ವ್ಯಾಪಾರ ಚೆನ್ನಾಗಿ ಆಗಿ, ಔಷಧಿ ಕಂಪನಿಯವರು ಡೀಲರುಗಳನ್ನು ಹೆಂಡತಿಯರ ಸಮೇತ ಸಿಂಗಪುರಕ್ಕೆ ಕರೆದೊಯ್ದು ಅಲ್ಲಿಂದ ಹಡಗು ಹತ್ತಿಸಿದರು. ನಾವು ನಾಲ್ವರೂ ಹೋದೆವು. ಹಡಗೆಂದರೆ ಒಂದು ಊರೇ ತೇಲುತ್ತಿದ್ದ ಹಾಗಿತ್ತು. ಮಾವ ಹೂವಿನ ಅಂಗಿ, ಕಪ್ಪು ಕನ್ನಡಕ ಹಾಕಿಕೊಂಡು, ಊರಿನವರಿಗೆಲ್ಲ ವಿಡಿಯೊ ಕಾಲ್ ಮಾಡಿ ಸಮುದ್ರ ತೋರಿಸಿದರು. ಅತ್ತೆ ಕಟಕಟೆ ಹಿಡಿದು ತುಂಬ ಹೊತ್ತು ಆ ನೀರನ್ನೇ ನೋಡಿದರು. ಹೇಗಿದೆ ಅತ್ತೆ ಅಂತ ಕೇಳಿದೆ.

"ಏನೈತೆ ಇದರಾಗೆ? ಇಷ್ಟು ನೀರಿದ್ದು ಒಂದು ಕೊಡ ಕುಡಿಯಾಕೆ ಬರಲ್ಲ. ನಿಮ್ಮ ಮಾವನಂಗೆ."

ಹಡಗು ಮಲೇಷ್ಯಾದ ಒಂದು ಬಂದರಿಗೆ ಬಂದು ನಿಂತ ದಿನ ಬೆಳಗಿನಿಂದಲೇ ಮಳೆ ಹಿಡಿದುಕೊಂಡಿತ್ತು. ಸಂಜೆ ನಾಲ್ಕರೊಳಗೆ ವಾಪಸು ಹತ್ತಬೇಕು, ತಡವಾದವರಿಗಾಗಿ ಹಡಗು ಕಾಯುವುದಿಲ್ಲ ಅಂತ ಗೈಡ್ ಎರಡೆರಡು ಸಲ ಹೇಳಿದ. ನಮ್ಮ ಗುಂಪಿನ ಅರ್ಧ ಜನ ಕೆಳಗಿಳಿಯಲೇ ಇಲ್ಲ. ಮಾವ ಬಿಡಲಿಲ್ಲ. ಫಾರಿನ್ನಿಗೆ ಹೋಗಿ ಬಂದದ್ದಕ್ಕೆ ಊರಿನವರ ಕೈಗೆ ಗುರುತು ಕೊಡಬೇಡವೇ? ಸೊಸೈಟಿ ಡೈರೆಕ್ಟರುಗಳಿಗೆ, ಬೀಗರಿಗೆ, ಬೀಗರ ಬೀಗರಿಗೆ, ವಾಕಿಂಗ್ ಗೆಳೆಯರಿಗೆ, ಎದುರಂಗಡಿಯ ಪ್ರತಿಸ್ಪರ್ಧಿಗೆ. ಆ ಕೊನೆಯವನಿಗೇ ಎಲ್ಲಕ್ಕಿಂತ ದೊಡ್ಡದು.

ಆ ಪೇಟೆಯನ್ನು ಏನಂತ ಹೇಳಲಿ. ದಾವಣಗೆರೆ ಬಸ್‌ಸ್ಟ್ಯಾಂಡಿನ ಸುತ್ತ ಇರುವಂಥ ಅಂಗಡಿಗಳೇ, ಎದುರಿಗೆ ಸಮುದ್ರ ಇಟ್ಟಿದ್ದರು ಅಷ್ಟೆ. ಫ್ರಿಜ್ಜಿಗೆ ಅಂಟಿಸುವ ಗೊಂಬೆ, ಕೀ ಬಂಚು, ಆ ದೇಶದ ಹೆಸರಾಂತ ಜೋಡಿ ಗೋಪುರದ ಗಾಜಿನ ಪ್ರತಿಕೃತಿ, ಅಲ್ಲಾಡಿಸಿದರೆ ಹೊಳೆಯುವ ಪೆನ್ನು. ನೆನೆದ ನಾಯಿಗಳ ಹಾಗೆ ಮೈ ಒದರಿಕೊಂಡು ಅಂಗಡಿಯಿಂದ ಅಂಗಡಿಗೆ ನುಗ್ಗುವ ಹಡಗಿನ ಜನ, ಒಂದೇ ಗೊಂಬೆಯನ್ನು ಹತ್ತು ಕಡೆ ಎತ್ತಿ ನೋಡಿ ಹತ್ತು ಕಡೆಯೂ ಚೌಕಾಸಿ ಮಾಡುತ್ತಿದ್ದರು. ಮಾವ ಅವರೆಲ್ಲರಿಗೂ ಮುಂದಾಳು. ಕನ್ನಡದಲ್ಲಿ ಬೈದು, ಇಂಗ್ಲಿಷಿನಲ್ಲಿ "ಲಾಸ್ಟ್ ರೇಟ್, ಲಾಸ್ಟ್ ರೇಟ್" ಅನ್ನುತ್ತಿದ್ದರು. ಒಂದು ಅಂಗಡಿಯಲ್ಲಿ ಅತ್ತೆ ತಣ್ಣಗಿದ್ದ ನೀಲಿ ಬಟ್ಟೆಯೊಂದನ್ನು ಮುಟ್ಟಿ ನೋಡಿದರು. "ನಿಂಗ್ಯಾಕೆ ಅದೆಲ್ಲ?" ಅಂದರು ಮಾವ. ಅತ್ತೆ ಕೈ ಹಿಂದಕ್ಕೆ ತಗೊಂಡರು.

ಚೀಲಗಳು ಹೆಚ್ಚಾದವು. ಒಂದು ಅಂಗಡಿಯ ಸೂರಿನ ಕೆಳಗೆ ಕಟ್ಟಿಗೆಯ ಬೆಂಚು ಇತ್ತು. ಮಾವ ಎಲ್ಲವನ್ನೂ ಅಲ್ಲಿ ಇಳಿಸಿದರು.

"ನೀವಿಬ್ಬರೂ ಇಲ್ಲೇ ಕುಂತು ಇವನ್ನ ನೋಡ್ಕಳ್ರಿ. ನಾವು ಆ ಕಡೆ ಬೀದಿ ನೋಡ್ಕಂಡು ಬರ್ತೀವಿ. ಎಲ್ಲೂ ಅಳ್ಳಾಡಬ್ಯಾಡ್ರಿ."

ನನ್ನ ಗಂಡ ನನ್ನ ಮುಖ ನೋಡಿದ, ಮಾವನ ಮುಖ ನೋಡಿದ, ಮಾವನ ಹಿಂದೆ ಹೋದ.

ಸೂರಿನ ನೀರು ನಮ್ಮ ಕಾಲಿನ ಮೇಲೇ ಬೀಳುತ್ತಿತ್ತು. ಚೀಲಗಳಿಗೆ ನೀರು ತಾಕಬಾರದು ಅಂತ ಅವನ್ನು ಒಳಗಡೆ ಇಟ್ಟು ನಮ್ಮನ್ನು ಹೊರಗಡೆ ಕೂರಿಸಿದ್ದರು. ಸ್ವಲ್ಪ ಹೊತ್ತಿಗೆ ಅತ್ತೆ ಎದ್ದು ಸೀರೆಯ ನೆರಿಗೆ ಕೊಡವಿದರು.

"ಏಳು."

"ಚೀಲ ಅತ್ತೆ?"

"ಚೀಲಕ್ಕೇನು, ಅದಕ್ಕೆ ಟೀ ಬೇಕಾ?"

ರಸ್ತೆಯ ಆ ಬದಿಗೆ ಒಂದು ಟೀ ಅಂಗಡಿ. ತಮಿಳಿನವನದು. ಅವನು ತಮಿಳು, ಅತ್ತೆ ಜಗಳೂರು ಕನ್ನಡ, ಇಬ್ಬರಿಗೂ ಏನೂ ತೊಂದರೆಯಾಗಲಿಲ್ಲ. ಅತ್ತೆಗೆ ತಲೆ ಒರೆಸಿಕೊಳ್ಳಲು ಅವನು ಒಂದು ಟವೆಲ್ ಕೊಟ್ಟ. ಮೇಲಿಂದ ಕೆಳಗೆ ಎಳೆದೆಳೆದು ನೊರೆ ಬರಿಸಿದ ಟೀ ಕೊಟ್ಟ. ಅತ್ತೆ ಕುಡಿದು, "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅಷ್ಟು ದೊಡ್ಡ ಹೊಗಳಿಕೆ ನಾನು ಅದುವರೆಗೂ ಕೇಳಿರಲಿಲ್ಲ. ಕಿಟಕಿಯ ಪಕ್ಕದ ಮೇಜಿಗೆ ನಾವು ಕೂತಿದ್ದೆವು. ಎದುರಿಗೇ ಬೆಂಚು, ಬೆಂಚಿನ ಮೇಲೆ ಚೀಲಗಳು, ಎಲ್ಲ ಕಾಣುತ್ತಿತ್ತು.

ಎರಡನೇ ಟೀ ಮುಗಿಯುವ ಹೊತ್ತಿಗೆ ಗಂಡಸರು ವಾಪಸು ಬಂದರು. ಇಬ್ಬರ ಕೈಯಲ್ಲೂ ಹೊಸ ಚೀಲಗಳು. ನಾನು ಏಳಲು ಹೋದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಕುಂತ್ಕ. ಒಂಚೂರು ನೋಡಾಣ."

ಮಾವ ಮೊದಲು ಚೀಲಗಳನ್ನು ನೋಡಿದರು. ಒಂದೊಂದನ್ನೂ ಬಾಯಿ ಬಿಡಿಸಿ ಒಳಗೆ ಕೈ ಹಾಕಿ ನೋಡಿದರು. ಗಾಜಿನ ಗೋಪುರದ ಡಬ್ಬಿಯನ್ನು ಹೊರಗೆ ತೆಗೆದು ಕರ್ಚೀಫಿನಿಂದ ಒರೆಸಿದರು. ಅದಾದ ಮೇಲೆ ತಲೆ ಎತ್ತಿ ಆ ಕಡೆ ಈ ಕಡೆ ನೋಡಿದರು. ವಾಚು ನೋಡಿಕೊಂಡರು. ನನ್ನ ಗಂಡ ಅಷ್ಟರಲ್ಲಿ ಕೈಯಲ್ಲಿದ್ದದ್ದನ್ನು ಬೆಂಚಿನ ಮೇಲೆ ಎಸೆದು ಮಳೆಗೆ ಇಳಿದಿದ್ದ. ಪಕ್ಕದ ಅಂಗಡಿಗೆ ನುಗ್ಗಿದ, ಹೊರಗೆ ಬಂದ, ಮೂಲೆಯವರೆಗೂ ಓಡಿದ, ನನ್ನ ಹೆಸರು ಹಿಡಿದು ಕೂಗಿದ. ಗಾಜಿನ ಈಚೆಗೆ ನನಗೆ ಅವನ ಬಾಯಿ ಮಾತ್ರ ಕಾಣುತ್ತಿತ್ತು. ಮಾವ ಚೀಲ ಬಿಟ್ಟು ಅಲ್ಲಾಡಲಿಲ್ಲ.

ಒಂದು ಟ್ಯಾಕ್ಸಿ ಬಂತು. ಮಾವ ಕೈ ಅಡ್ಡ ಹಾಕಿ ನಿಲ್ಲಿಸಿದರು. ನನ್ನ ಗಂಡನನ್ನು ಕರೆದು ಏನೋ ಹೇಳಿದರು. ಅವನು ತಲೆ ಅಡ್ಡಡ್ಡ ಆಡಿಸಿದ. ಮಾವ ಚೀಲಗಳನ್ನೆಲ್ಲ ಒಂದೂ ಬಿಡದೆ ಹಿಂದಿನ ಸೀಟಿಗೆ ತುಂಬಿ, ತಾವು ಮುಂದೆ ಕೂತು, ಬಾಗಿಲು ಹಾಕಿಕೊಂಡರು. ಟ್ಯಾಕ್ಸಿ ಬಂದರಿನ ಕಡೆ ಹೋಯಿತು.

ನಾನು ಅತ್ತೆಯ ಮುಖ ನೋಡಲಾರದೆ ಮೇಜು ನೋಡುತ್ತಾ ಕೂತೆ. ಅತ್ತೆ ನನ್ನ ಮಣಿಕಟ್ಟು ಬಿಟ್ಟರು.

"ಎದ್ದೋಗು," ಅಂದರು. "ನಿಂದು ಇನ್ನೂ ಹುಡುಕ್ತಾ ಐತೆ."

ಹೊರಗೆ ಓಡಿ ಹೋಗಿ ಕರೆದೆ. ನನ್ನ ಗಂಡ ತಿರುಗಿ ನೋಡಿದವನೇ ನಡುರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. ಬೈಯುತ್ತಾನೆ ಅಂದುಕೊಂಡಿದ್ದೆ, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಅತ್ತೆ ಹಿಂದಿನಿಂದ ಬಂದು, "ಟೀ ಕುಡಿಯಾಕೆ ಹೋಗಿದ್ವಿ ಕಣೋ, ಏಳು, ಹಡಗು ಹೋದಾತು" ಅಂದರು. ಅವರ ದನಿ ಎಂದಿನ ಹಾಗೇ ಇತ್ತು.

ಏಣಿ ತೆಗೆಯುವ ಸ್ವಲ್ಪ ಮುಂಚೆ ಹಡಗು ಹತ್ತಿದೆವು. ಮಾವನ ರೂಮಿನ ಬಾಗಿಲು ತೆರೆದಿತ್ತು. ಮಂಚದ ತುಂಬ ಗೊಂಬೆಗಳನ್ನು ಹರಡಿಕೊಂಡು, ಒದ್ದೆಯಾದವನ್ನು ಹೇರ್ ಡ್ರೈಯರಿನಿಂದ ಒಣಗಿಸುತ್ತಿದ್ದರು. ಅತ್ತೆಯನ್ನು ಕಂಡು, "ಬಂದ್ಯಾ? ನೀನು ಮೊದಲೇ ಬಂದಿರ್ತೀಯ ಅಂದ್ಕಂಡೆ. ಆ ಅಂಗಿಗಳನ್ನ ಒಣಗಾಕು" ಅಂದರು. ಎಲ್ಲಿದ್ದೆ ಅಂತ ಕೇಳಲಿಲ್ಲ. ಅತ್ತೆ ಅಂಗಿಗಳನ್ನು ದಾಟಿಕೊಂಡು ಹೋಗಿ ಕಿಟಕಿ ಪಕ್ಕ ಕೂತರು.

ಆ ಸಂಜೆ ಊಟಕ್ಕೆ ಹೋಗುವಾಗ ನಾನೇ ತಡೆಯಲಾರದೆ ಅಂದೆ. "ನಾವು ಎದುರಿಗೇ ಇದ್ದು ನೋಡ್ತಿದ್ವಿ ಅಂತ ಮಾವನಿಗೆ ಹೇಳಿಬಿಡ್ರಿ ಅತ್ತೆ. ನಾಚಿಕೆಯಾದ್ರೂ ಆಗ್ಲಿ."

"ಹೇಳಬ್ಯಾಡ," ಅಂದರು ಅತ್ತೆ. "ಹೇಳಿದ್ರೆ ಈಯಪ್ಪ ತಪ್ಪಾತು ಅಂತಾನೆ. ಆಮ್ಯಾಲೆ ನಾನು ಹೋಗ್ಲಿ ಬಿಡ್ರಿ ಅನ್ನಬೇಕಾಗ್ತದೆ. ನಂಗೆ ಅದು ಬ್ಯಾಡ."

ಹೊನ್ನಾಳಿಗೆ ಬಂದ ಮೇಲೆ ಮಾವ ಮನೆಯಲ್ಲಿ ಒಂದು ಸಣ್ಣ ದರ್ಬಾರನ್ನೇ ನಡೆಸಿದರು. ಸಮುದ್ರದ ಮಧ್ಯೆ ಬಿರುಗಾಳಿ ಎದ್ದಿತ್ತಂತೆ, ಕ್ಯಾಪ್ಟನ್ ಇವರ ಕೈ ಕುಲುಕಿದನಂತೆ. ಬಂದವರು ಕೀ ಬಂಚನ್ನು ತಿರುಗಿಸಿ ಮುರುಗಿಸಿ ನೋಡಿ, ಜೇಬಿಗೆ ಹಾಕಿಕೊಂಡು, ಉಪ್ಪಿಟ್ಟಿಗೆ ಕಾಯುತ್ತಿದ್ದರು. ಎದುರಂಗಡಿಯವನ ಸರದಿ ಬಂದಾಗ ಮಾವ ಗಾಜಿನ ಗೋಪುರವನ್ನು ಎತ್ತಿ ಎಲ್ಲರಿಗೂ ತೋರಿಸಿ, ಶಾಲು ಸರಿಮಾಡಿಕೊಳ್ಳಲು ಅದನ್ನು ಪಕ್ಕಕ್ಕೆ ಚಾಚಿ "ಹಿಡ್ಕ" ಅಂದರು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಕೈ ಕಟ್ಟಿಕೊಂಡಿದ್ದರು. ಮಾವ ಅಭ್ಯಾಸದ ಮೇಲೆ ಕೈ ಬಿಟ್ಟರು. ಗೋಪುರ ನೆಲಕ್ಕೆ ಬಿದ್ದು ಚೂರಾಯಿತು. "ಕಾಲು ಚುಚ್ಚೀತು, ನೋಡ್ಕಂಡು ನಡೀರಿ" ಅಂತ ಬಂದವರಿಗೆ ಹೇಳಿ ಅತ್ತೆ ಒಳಗೆ ಹೋದರು. ಅಂದಿನಿಂದ ಮಾವ ತಮ್ಮ ಹೆಲ್ಮೆಟ್ಟನ್ನು ತಾವೇ ಹಿಡಿದುಕೊಂಡು ಓಡಾಡುವುದನ್ನು ಊರು ನೋಡಿತು.

ಆ ಬೆಂಚಿನ ಮೇಲೆ ಚೀಲಗಳ ಜೊತೆ ನಾನೂ ಒಂದು ಚೀಲವಾಗಿ ಕೂತಿದ್ದೆ ಅನ್ನುವುದು ನನ್ನನ್ನು ಬಿಡಲಿಲ್ಲ. ನ್ಯಾಮತಿಗೆ ಬಂದು ನಾನೂ ಅಂಗಡಿಯಲ್ಲಿ ಕೂರುತ್ತೇನೆ ಅಂದೆ. ಗಂಡ ಹೂಂ ಅಂದ. ಆದರೆ ವಿಷಯ ತಿಳಿದು ಮಾವ ಫೋನ್ ಮಾಡಿ ಹಾರಾಡಿದರು. ಹೆಂಗಸರು ಗೊಬ್ಬರದಂಗಡಿಯಲ್ಲಿ ಕೂತರೆ ರೈತರು ಮೆಟ್ಟಿಲು ಹತ್ತುವುದಿಲ್ಲವಂತೆ. ಗಂಡ ಮೆತ್ತಗಾದ. ಮರುದಿನ ಬೆಳಗ್ಗೆ ಹೊನ್ನಾಳಿ ಬಸ್ಸಿನಿಂದ ಅತ್ತೆ ಇಳಿದರು. ನೇರ ಅಂಗಡಿಗೆ ಬಂದು, ನನ್ನನ್ನು ಗಲ್ಲಾದ ಮುಂದೆ ಕೂರಿಸಿ, ತಾವು ಬಾಗಿಲ ಬಳಿಯ ಮೂಟೆಗಳ ಮೇಲೆ ಕೂತರು. ಮೊದಲ ಗಿರಾಕಿ ಒಳಗೆ ಇಣುಕಿ, "ಗಂಡಸ್ರು ಯಾರೂ ಇಲ್ವೇನಮ್ಮಾ?" ಅಂದ.

"ಯಾಕಪ್ಪಾ?" ಅಂದರು ಅತ್ತೆ. "ಗೊಬ್ಬರಕ್ಕೆ ಮೀಸೆ ಬೇಕಾ?"

ಅವನು ನಕ್ಕುಬಿಟ್ಟ. ಎರಡು ಮೂಟೆ ಒಯ್ದ. ಆ ಮಾತು ವಾರದೊಳಗೆ ಸುತ್ತಿನ ಹಳ್ಳಿಗಳಿಗೆಲ್ಲ ಹಬ್ಬಿ, ನನ್ನನ್ನು ನೋಡಲಿಕ್ಕೆಂದೇ ಜನ ಬಂದರು. ಆ ಹಂಗಾಮು ಪೂರ್ತಿ ಅತ್ತೆ ದಿನಾ ಬಸ್ಸಿನಲ್ಲಿ ಬಂದು ಆ ಮೂಟೆಗಳ ಮೇಲೆ ಕೂತರು. ನಾನು ತಪ್ಪು ಮಾಡಿದಾಗೆಲ್ಲ ಗಿರಾಕಿಯ ಎದುರಿಗೇ ಬೈದರು. ಇವತ್ತು ಅಂಗಡಿಯ ಬೋರ್ಡಿನಲ್ಲಿ ನನ್ನ ಹೆಸರೂ ಇದೆ.

ಹೋದ ವರ್ಷ ಅತ್ತೆಗೆ ಹೃದಯದ ತೊಂದರೆಯಾಗಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ನೋಡಲು ಬಂದವರೆಲ್ಲ ಸೇಬು ತಂದರು. "ಇವರಿಗೆ ಬ್ಯಾರೆ ಹಣ್ಣೇ ಗೊತ್ತಿಲ್ಲೇನು?" ಅಂದರು ಅತ್ತೆ. ನಾನು ಕೈ ಹಿಡಿದುಕೊಂಡು ಅಳುತ್ತಿದ್ದೆ. "ಅಂಗಡಿ ಮುಚ್ಚಿ ಬಂದೀಯೇನು? ಬಿತ್ತೋ ಕಾಲದಾಗೆ?" ಅಂತ ಸಿಟ್ಟಾದರು. ನನ್ನ ಗಂಡ ಅಂಗಡಿಯಲ್ಲಿ ಕೂತಿದ್ದಾನೆ ಅಂದ ಮೇಲೆ ಸಿಟ್ಟು ಇಳಿಯಿತು. ಆಮೇಲೆ ಎರಡು ದಿನವಷ್ಟೇ ಇದ್ದರು.

ಕಾರ್ಯವೆಲ್ಲ ಮುಗಿದು ನೆಂಟರು ಬಸ್ಸು ಹತ್ತಿದ ಮಧ್ಯಾಹ್ನ, ಮಾವ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ಫೋನ್ ಬಡಿದುಕೊಂಡರೂ ಎತ್ತುತ್ತಿರಲಿಲ್ಲ. ನನ್ನನ್ನು ಹತ್ತಿರ ಕರೆದರು.

"ಅವತ್ತು ಆ ಮಳೆಯಾಗೆ ಅವಳು ಎಲ್ಲಿಗೆ ಹೋಗಿದ್ಲು?" ಅಂದರು. "ಊರಿಗೆ ಬಂದಾಗಿಂದ ನನ್ನ ಹತ್ರ ನೆಟ್ಟಗೆ ಮಾತಾಡ್ಲಿಲ್ಲ. ನೀನಿದ್ಯಲ್ಲ ಜೊತೆಗೆ. ನಿಂಗೇನಾದ್ರೂ ಹೇಳಿದ್ಲಾ?"

ಅವರ ಕಣ್ಣಲ್ಲಿ ನೀರಿತ್ತು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು, ತಪ್ಪಾಯಿತು ಅಂತ ನನ್ನೆದುರಿಗೆ ಗಟ್ಟಿಯಾಗಿ ಅತ್ತು ಹಗುರಾಗಿಬಿಡುತ್ತಿದ್ದರು. ಅತ್ತೆ ಇಲ್ಲದಾಗ ಆ ಕ್ಷಮೆ ಕೊಡಲು ನಾನು ಯಾರು?

"ನಂಗೇನೂ ಗೊತ್ತಿಲ್ಲ ಮಾವ," ಅಂದೆ. "ಅವರನ್ನೇ ಕೇಳಬೇಕಿತ್ತು."